ಹೇಳಿ ಹೋಗುವ ಮಾತು

ನಿವೃತ್ತನಾದ ಮೇಲೆ ಪೆನ್ಷನ್ ಕಾಗದದಲ್ಲಿ ಒಂದು ವರ್ಷದ ಸೇವೆಗೆ ದಾಖಲೆ ಸಿಗಲಿಲ್ಲವೆಂದು ನಾನು ಮತ್ತೆ ಸೊರಬಕ್ಕೆ ಹೋಗಬೇಕಾಯಿತು. ಮಳೆ ಆಗತಾನೇ ಹಿಡಿದಿತ್ತು. ಶಿರಾಳಕೊಪ್ಪ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಸ್ಸು ನಿಂತಿತು. ರಸ್ತೆಯ ಕೆಳಗಿನ ಮೋರಿ ಕಟ್ಟಿಕೊಂಡು ನೀರು ಮೇಲೆ ಹರಿಯುತ್ತಿತ್ತು. ನಾಲ್ಕೈದು ಜನ ಸೊಂಟದವರೆಗೆ ಇಳಿದು ಹೂಳು ಎತ್ತಿ ಪಕ್ಕಕ್ಕೆ ಹಾಕುತ್ತಿದ್ದರು. ಕೊಳೆತ ಎಲೆ, ಕರಿ ಮಣ್ಣು, ಎಷ್ಟೋ ದಿನ ಬೆಳಕು ಕಾಣದೆ ನಿಂತ ನೀರು ಎಲ್ಲ ಸೇರಿದ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದವರು ಮೂಗಿಗೆ ಟವೆಲ್ಲು ಹಿಡಿದರು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿ ತಲೆ ಹೊರಗೆ ಹಾಕಿ ಕೂತೆ. ಬಸ್ಸು ಮತ್ತೆ ಹೊರಡುವಷ್ಟರಲ್ಲಿ ಐವತ್ತೇಳನೇ ಇಸವಿಯ ಆ ಮಳೆಗಾಲ ಪೂರ್ತಿ ನನ್ನ ಮುಂದೆ ಬಂದು ನಿಂತಿತ್ತು.

ಆಗ ನನಗೆ ಇಪ್ಪತ್ತೇಳು. ಸೊರಬದ ಸರ್ಕಾರಿ ದವಾಖಾನೆಗೆ ಕಂಪೌಂಡರ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಅಕ್ಕಿ ಗಿರಣಿಯ ಹಿಂದೆ ಬಾಡಿಗೆಗೆ ಒಂದು ಕೋಣೆ, ಬಸ್ ನಿಲ್ಲುವಲ್ಲಿ ಊಟಕ್ಕೆ ಒಂದು ಖಾನಾವಳಿ. ಊರಿನಲ್ಲಿ ಎಲ್ಲರಿಗೂ ನನ್ನ ಮುಖ ಗೊತ್ತಿತ್ತು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ನಾನು 'ಕಂಪೌಂಡ್ರು'. "ಬಾಟ್ಲಿ ತಂದೀರಾ? ದಿನಕ್ಕೆ ಮೂರು ಸಲ. ಕುಡಿಯೋ ಮುಂಚೆ ಅಲ್ಲಾಡಿಸಿ." ಬೆಳಗಿನಿಂದ ಸಂಜೆಯವರೆಗೆ ನಾನು ಆಡುತ್ತಿದ್ದದ್ದು ಇಷ್ಟು. ಭಾನುವಾರ ಅದೂ ಇಲ್ಲ. ಒಂದು ಭಾನುವಾರ ಸಂಜೆ ಖಾನಾವಳಿಯಲ್ಲಿ ಇನ್ನೊಂದು ಸೌಟು ಸಾರು ಕೇಳಲು ಬಾಯಿ ತೆರೆದರೆ ಗಂಟಲಿನಿಂದ ಧ್ವನಿಯೇ ಹೊರಡಲಿಲ್ಲ. ಅವತ್ತು ಎದ್ದಾಗಿನಿಂದ ಒಂದು ಮಾತೂ ಆಡಿರಲಿಲ್ಲವೆಂದು ಆಗ ಹೊಳೆಯಿತು.

ಅದಕ್ಕೆ ಮೊದಲು ಮೂರು ವರ್ಷ ಶಿಕಾರಿಪುರದಲ್ಲಿ ಒಬ್ಬ ಖಾಸಗಿ ಡಾಕ್ಟರ ಬಳಿ ಔಷಧಿ ಕಟ್ಟುತ್ತಿದ್ದೆ. ಅಲ್ಲಿಗೆ ಒಬ್ಬ ಮುದುಕರು ವಾರಕ್ಕೆರಡು ಸಲ ಬರುತ್ತಿದ್ದರು. ಕಚೇರಿಯೊಂದರಲ್ಲಿ ಜವಾನರಾಗಿದ್ದು ನಿವೃತ್ತರಾದವರು. "ಎದಿ ಮ್ಯಾಲೆ ಕಲ್ಲು ಹೇರಿದಂಗೆ ಆಗ್ತೈತ್ರಿ" ಅನ್ನುವರು. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿ ಏನೂ ಇಲ್ಲ ಅನ್ನುವರು. ನಾನು ಹೊಟ್ಟೆಯ ಮಿಕ್ಸ್ಚರನ್ನು ಸುರಿದು ಅಳತೆಯ ಕಾಗದ ಅಂಟಿಸಿ ಕೊಡುವೆ. ಒಂದು ಗುರುವಾರ ಅವರು ಬಾಟಲಿ ಹಿಡಿದುಕೊಂಡು ಹೋಗದೆ ನಿಂತರು. "ಕಂಪೌಂಡ್ರೇ, ಸ್ವಲ್ಪ ಹೊತ್ತು ಇಲ್ಲೇ ಕುಂದ್ರಲಾ?" ಅಂದರು. ಸಂತೆಯ ದಿನ, ಜನ ಕಿಕ್ಕಿರಿದಿದ್ದರು. "ಆಮೇಲೆ ಬರ್ರಿ ಯಜಮಾನ್ರೇ, ನೋಡ್ತಿದೀರಲ್ಲ" ಅಂದೆ. ಆಮೇಲೆ ಅವರು ಬರಲಿಲ್ಲ. ಶನಿವಾರ, ಅವರು ತಮ್ಮ ಜೀವ ತಾವೇ ಕಳೆದುಕೊಂಡರೆಂಬ ಸುದ್ದಿ ಬಂತು. ಅವರ ಮನೆಗೆ ಹೋದೆ. ಗೋಡೆಯ ಗೂಡಿನಲ್ಲಿ ನಾನು ಕೊಟ್ಟ ಬಾಟಲಿಗಳು ಸಾಲಾಗಿ ನಿಂತಿದ್ದವು, ಒಂಬತ್ತು. ಒಂದರ ಬಿರಡೆಯನ್ನೂ ಅವರು ತೆಗೆದಿರಲಿಲ್ಲ.

ಆ ಊರಿನಲ್ಲಿ ಮತ್ತೆ ಇರಲು ಮನಸ್ಸಾಗದೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದವನು ನಾನು. ಈ ಸಂಗತಿಯನ್ನು ಸೊರಬದಲ್ಲಿ ಯಾರಿಗೂ ಹೇಳಿರಲಿಲ್ಲ, ನಮ್ಮ ಡಾಕ್ಟರೊಬ್ಬರಿಗೆ ಬಿಟ್ಟು.

ನಮ್ಮ ಡಾಕ್ಟರು ಮೈಸೂರಿನ ಕಡೆಯವರು, ನಲವತ್ತರ ಆಸುಪಾಸು, ಸಣ್ಣ ಧ್ವನಿಯ ಮನುಷ್ಯ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿ ಬಂದಿದ್ದರು. ಜೂನ್ ತಿಂಗಳ ಮೊದಲ ಮಳೆಯ ಮಾರನೆಯ ದಿನ ಬೆಳಿಗ್ಗೆ, ಅಕ್ಕಿ ಗಿರಣಿಯ ಗುಮಾಸ್ತ ಬಸವಣ್ಯಪ್ಪ ತಮ್ಮ ಮಾವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಬಂದರು. ಹಿಂದೆ ಅವರ ಹೆಂಡತಿ, ಆ ಮುದುಕರ ಮಗಳು ಶಾಂತಮ್ಮ, ಸೆರಗನ್ನು ಬಾಯಿಗೊತ್ತಿಕೊಂಡು. ಮಾವನ ಹೆಸರು ರುದ್ರಪ್ಪ, ಅರವತ್ತೆರಡು ವಯಸ್ಸು. ಪಂಚೆಯೆಲ್ಲ ನೀರು, ಕೆಸರು. ದಂಡಾವತಿ ಹೊಳೆಗೆ ಇಳಿದಿದ್ದವರನ್ನು ಬಟ್ಟೆ ಒಗೆಯುತ್ತಿದ್ದವರು ಕಂಡು ಎಳೆದು ತಂದಿದ್ದರು.

"ಕಾಲು ಜಾರಿ ಬಿದ್ರು" ಅಂದರು ಬಸವಣ್ಯಪ್ಪ, ನೆಲ ನೋಡುತ್ತ.

ಡಾಕ್ಟರು ಏನೂ ಕೇಳಲಿಲ್ಲ. ಬೇರೆ ರೀತಿ ಬರೆದರೆ ಅದು ಪೊಲೀಸ್ ಕೇಸಾಗುತ್ತಿದ್ದ ಕಾಲ. 'ಹೊಳೆಯಲ್ಲಿ ಬಿದ್ದದ್ದು' ಎಂದು ಬರೆದರು. ಮೈ ಒರೆಸಿ, ಕಂಬಳಿ ಹೊದೆಸಿ, ಬಿಸಿ ಕಾಫಿ ಕುಡಿಸಿದೆವು. ಆ ಮನುಷ್ಯ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಸಂಜೆ ಅವರನ್ನು ಮನೆಗೆ ಕಳಿಸಿದ ಮೇಲೆ ಡಾಕ್ಟರು ನನ್ನನ್ನು ಕರೆದರು.

"ಇವರಿಗೆ ಕೊಡೋಕೆ ನನ್ನ ಹತ್ತಿರ ಔಷಧಿ ಇಲ್ಲ. ನೀವು ಕೊಡಬೇಕು. ನಾಳೆಯಿಂದ ದಿನಾ ನಾಲ್ಕು ಗಂಟೆಗೆ ಬರಲಿ. ಹಿಂದಿನ ಜಗಲಿ ಬೆಂಚಿನ ಮೇಲೆ ಅರ್ಧ ಗಂಟೆ ಇಬ್ಬರೂ ಕೂತ್ಕೊಳ್ಳಿ."

"ಕೂತು ಏನು ಮಾಡ್ಲಿ ಸಾರ್? ನಾನು ಔಷಧಿ ಅಳೆಯೋನು."

"ಮಾತಾಡಿಸಿ. ಬುದ್ಧಿ ಹೇಳಬೇಡಿ. ಎಲ್ಲ ಸರಿಹೋಗುತ್ತೆ, ದೇವರಿದ್ದಾನೆ, ಇವೆಲ್ಲ ಬೇಡ. ಅವರು ಸುಮ್ಮನಿದ್ರೆ ನೀವೂ ಸುಮ್ಮನಿರಿ. ಸ್ವಲ್ಪ ಪರಿಚಯ ಆದ ಮೇಲೆ, ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗೇ ಕೇಳಿ."

ನಾನು ಹೆದರಿದೆ. "ಹಂಗೆ ಕೇಳಿದ್ರೆ ಮತ್ತೆ ನೆನಪು ಮಾಡಿಕೊಟ್ಟಂಗೆ ಆಗಲ್ವಾ ಸಾರ್?"

"ಅವರು ಮರೆತಿದ್ದರೆ ತಾನೇನ್ರೀ ನೀವು ನೆನಪು ಮಾಡಿಕೊಡೋದು?" ಅಂದರು. ಸ್ಟೆತಸ್ಕೋಪು ಮಡಚಿಡುತ್ತ, "ಶಿಕಾರಿಪುರದವರು ಕೂತ್ಕೊಳ್ಳಲಾ ಅಂತ ಕೇಳಿದ್ರಲ್ಲ, ಅಷ್ಟೇ ಇದು. ಕೂರಿಸೋದು" ಅಂದರು.

ಮಾರನೆಯ ದಿನ ನಾಲ್ಕಕ್ಕೆ ಸರಿಯಾಗಿ ರುದ್ರಪ್ಪನವರು ಬಂದರು. ಶಾಂತಮ್ಮ ಗೇಟಿನವರೆಗೆ ಬಂದು ಬಿಟ್ಟುಹೋದರು. ಎತ್ತರದ ಆಳು, ಬೆನ್ನು ಇನ್ನೂ ಬಾಗಿರಲಿಲ್ಲ. ಅಂಗೈಯ ಚರ್ಮ ಚಪ್ಪಲಿಯ ಅಟ್ಟೆಯಂತೆ ದಪ್ಪಗಾಗಿತ್ತು. ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ಊಟ ಆಯ್ತಾ ಅಂದೆ. ತಲೆಯಾಡಿಸಿದರು. ಮಳೆ ಜೋರಲ್ಲವಾ ಅಂದೆ. ಅದಕ್ಕೂ ತಲೆಯಾಡಿಸಿದರು. ಆಮೇಲೆ ನನಗೆ ಕೇಳಲು ಏನೂ ಉಳಿಯಲಿಲ್ಲ. ಎದುರಿಗೆ ದವಾಖಾನೆಯ ಹಿತ್ತಿಲು, ಬೇಲಿ, ಬೇಲಿಯಾಚೆ ರಸ್ತೆ. ಅರ್ಧ ಗಂಟೆ ಅದನ್ನೇ ನೋಡಿದೆವು.

ಹಾಗೆ ಹನ್ನೊಂದು ದಿನ ಕಳೆಯಿತು. ನನಗೆ ನಾಚಿಕೆಯಾಗುತ್ತಿತ್ತು, ಕೆಲವೊಮ್ಮೆ ಸಿಟ್ಟೂ ಬರುತ್ತಿತ್ತು. ಬರುವುದು ಬಿಟ್ಟರೆ ಸಾಕು ಅಂತಲೂ ಅನ್ನಿಸಿದ್ದುಂಟು. ಆದರೆ ನಾಲ್ಕು ಗಂಟೆಗೆ ಗೇಟಿನ ಚಿಲಕ ಸದ್ದಾಗದಿದ್ದರೆ ಅಳತೆಯ ಗ್ಲಾಸು ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು.

ಹನ್ನೆರಡನೆಯ ದಿನ ಜೋರು ಮಳೆ. ರಸ್ತೆಯಲ್ಲಿ ಭತ್ತದ ಮೂಟೆ ಹೇರಿದ ಗಾಡಿಯೊಂದರ ಚಕ್ರ ಗುಂಡಿಗೆ ಇಳಿದು, ಎತ್ತುಗಳು ಮಂಡಿಯೂರಿದವು. ನೀರು ಚರಂಡಿ ಬಿಟ್ಟು ರಸ್ತೆಯ ಮೇಲೇ ಹರಿಯುತ್ತಿತ್ತು. ರುದ್ರಪ್ಪನವರು ಒಮ್ಮೆಲೇ ಎದ್ದು ನಿಂತರು.

"ಮೋರಿ ಬಾಯಿ ಕಟ್ಟೈತಿ" ಅಂದರು.

ನಾನು ಕೇಳಿದ ಅವರ ಮೊದಲ ಮಾತು ಅದು. "ಏನಂದ್ರಿ?" ಅಂದೆ.

"ಅಲ್ಲಿ ಕೆಳಗೆ ಒಂದು ಮೋರಿ ಐತಿ. ಕಲ್ಲಿನ್ದು. ಅದರ ಬಾಯಿ ಹೂಳು ತುಂಬೈತಿ, ಅದಕ್ಕೇ ನೀರು ಮ್ಯಾಲೆ ಬರ್ತೈತಿ. ಇದನ್ನ ಯಾರೂ ನೋಡಂಗಿಲ್ಲೇನು?"

ಮಳೆಯಲ್ಲೇ ಇಳಿದರು. ಔಷಧಿ ಕೋಣೆಯಿಂದ ಕೊಡೆ ತಂದು ಹಿಂದೆ ಓಡಿದೆ. ಬೇಲಿಯ ಕೋಲೊಂದನ್ನು ಕಿತ್ತು, ಚರಂಡಿಯಲ್ಲಿ ಮೊಣಕಾಲವರೆಗೆ ನಿಂತು, ಕಣ್ಣಿಗೆ ಕಾಣದ ಜಾಗದಲ್ಲಿ ಅವರು ಚುಚ್ಚತೊಡಗಿದರು. ನಾನೂ ಇಳಿದು ಕೈಯಿಂದ ಹೂಳು ಎಳೆದು ಹಾಕಿದೆ. ಸ್ವಲ್ಪ ಹೊತ್ತಿಗೆ ಒಳಗೆಲ್ಲೋ ಗುಡುಗಿದಂತಾಗಿ ನೀರು ಸರ್ರನೆ ಇಳಿಯಿತು. ರಸ್ತೆಯ ಕಲ್ಲುಗಳು ಒಂದೊಂದಾಗಿ ಮೇಲೆ ಕಂಡವು. ಗಾಡಿಯವನು ಕೈ ಮುಗಿದು ಹೋದ. ರುದ್ರಪ್ಪನವರು ಏದುಸಿರು ಬಿಡುತ್ತ ಆ ನೀರನ್ನೇ ನೋಡುತ್ತ ನಿಂತಿದ್ದರು.

ಅವರು ನಲವತ್ತೈದು ವರ್ಷ ರಸ್ತೆ ಗ್ಯಾಂಗಿನಲ್ಲಿದ್ದವರು ಎಂದು ತಿಳಿದದ್ದು ಅವತ್ತು. ಹದಿನೈದನೇ ವಯಸ್ಸಿಗೆ ಜಲ್ಲಿ ಒಡೆಯಲು ಸೇರಿ, ಕೊನೆಯ ಇಪ್ಪತ್ತು ವರ್ಷ ಮೇಸ್ತ್ರಿಯಾಗಿದ್ದರು. ಅದಾದ ಮೇಲೆ ನಾವು ಬೆಂಚಿನ ಮೇಲೆ ಕೂರುವುದು ಕಡಿಮೆಯಾಯಿತು. ಕೊಡೆ ಹಿಡಿದು ರಸ್ತೆಯಲ್ಲಿ ನಡೆಯುವೆವು. ಒಬ್ಬರ ಮುಖ ಒಬ್ಬರು ನೋಡದೆ ನಡೆಯುವಾಗ ಅವರಿಗೆ ಮಾತು ಸುಲಭವಾಗಿ ಬರುತ್ತಿತ್ತು. ಶಿಕಾರಿಪುರದಿಂದ ಚಂದ್ರಗುತ್ತಿಯವರೆಗೆ ಯಾವ ಮೈಲಿಗಲ್ಲಿನ ಹತ್ತಿರ ಯಾವ ಮೋರಿ, ಅದಕ್ಕೆ ಎಲ್ಲಿಂದ ಕಲ್ಲು ಬಂತು, ಯಾವ ಮಳೆಗೆ ಎಲ್ಲಿ ಕಿತ್ತುಹೋಯಿತು, ಎಲ್ಲ ಬಾಯಲ್ಲಿತ್ತು. ತಮ್ಮ ವಿಷಯ ಮಾತ್ರ ಒಂದಕ್ಷರ ಇಲ್ಲ. ಹೆಂಡತಿ ನೀಲಮ್ಮ ತೀರಿಕೊಂಡು ಎರಡು ವರ್ಷವಾಯಿತು, ಅಂದಿನಿಂದ ಮಗಳ ಮನೆಯಲ್ಲಿದ್ದಾರೆ ಎಂಬುದನ್ನು ನನಗೆ ಹೇಳಿದ್ದು ಬಸವಣ್ಯಪ್ಪ.

ಜುಲೈ ತಿಂಗಳ ಕೊನೆಗೆ ಒಂದು ದಿನ ಅವರು ತಮ್ಮ ಕೊಡೆಯನ್ನು ನನ್ನ ಕೈಯಲ್ಲಿ ಇಟ್ಟರು. ಮರದ ಹಿಡಿಯ ಒಳ್ಳೆಯ ಕೊಡೆ. "ನಿಮ್ದು ಸೋರ್ತೈತಿ. ಇದನ್ನ ಇಟ್ಕೊಳ್ರಿ" ಅಂದರು. ಅದರ ಹಿಂದಿನ ದಿನವೇ ಅಳಿಯನಿಗೆ ಬೆಳ್ಳಿಯ ಉಡಿದಾರ ಬಿಚ್ಚಿಕೊಟ್ಟಿದ್ದರೆಂದು ಆಮೇಲೆ ತಿಳಿಯಿತು. ನನಗೆ ಆ ಕ್ಷಣ ಏನೂ ಗೊತ್ತಿರಲಿಲ್ಲ. ಮಳೆಗಾಲ ಮುಗಿಯುವ ಮುಂಚೆ ಯಾರೂ ತಮ್ಮ ಕೊಡೆ ಕೊಟ್ಟುಬಿಡುವುದಿಲ್ಲ ಅನ್ನಿಸಿತು, ಅಷ್ಟೆ. ರಸ್ತೆಯ ಮಧ್ಯದಲ್ಲೇ ನಿಂತು ಕೇಳಿದೆ.

"ಮೇಸ್ತ್ರಿಗಳೇ, ಸಾಯಬೇಕು ಅನ್ನಿಸ್ತಾ ಇದೆಯಾ ನಿಮಗೆ?"

ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ದಿನಾ ಬರ್ತೈತ್ರಿ" ಅಂದರು. "ಉಣ್ಣಾಕೆ ಕುಂತಾಗ ಬರ್ತೈತಿ. ಮಗಳು ಬಡಿಸ್ತಾಳೆ, ಏನೂ ಅನ್ನಂಗಿಲ್ಲ. ಅಳಿಯ ದೇವರಂಥೋನು, ಅವನೂ ಏನೂ ಅನ್ನಂಗಿಲ್ಲ. ಮಗಳ ಮನ್ಯಾಗೆ ಕುಂತು ತಿನ್ನೋ ತುತ್ತು ಗಂಟಲಾಗೆ ನಿಲ್ತೈತಿ. ನಾನು ಹೋದ್ರೆ ಒಂದು ತಾಟು ಕಮ್ಮಿ ಆಗ್ತೈತಿ, ಅಷ್ಟೇ ಅಲ್ಲೇನ್ರಿ?" ಸ್ವಲ್ಪ ದೂರ ನಡೆದ ಮೇಲೆ, "ಹೊಳೆಗೆ ಇಳಿದೋನು ಅಂತ ಊರಿಗೆಲ್ಲ ಗೊತ್ತು. ಬಾಯಿಬಿಟ್ಟು ಕೇಳಿದೋರು ನೀವೊಬ್ರೇ" ಅಂದರು.

ನನ್ನ ನಾಲಗೆಯ ತುದಿಗೆ ಎಷ್ಟು ಬುದ್ಧಿಮಾತು ಬಂದವೋ! ಎಲ್ಲವನ್ನೂ ನುಂಗಿದೆ. ಮಾರನೆಯ ದಿನ ಡಾಕ್ಟರಿಗೆ ಹೇಳಿದಾಗ ಅವರು, "ಒಂದು ಮಾತು ತೊಗೊಳ್ಳಿ ಅವರ ಹತ್ತಿರ" ಅಂದರು. ಅದರಂತೆ ನಾನು ರುದ್ರಪ್ಪನವರನ್ನು ಕೇಳಿಕೊಂಡೆ: ಮತ್ತೆ ಹೊಳೆಯ ಕಡೆ ಕಾಲು ಎಳೆದರೆ, ಹೋಗುವ ಮುಂಚೆ ನನ್ನ ಹತ್ತಿರ ಬಂದು ಹೇಳಬೇಕು. ಯಾವ ಹೊತ್ತಾದರೂ ಸರಿ. ಹೇಳದೆ ಹೋಗಕೂಡದು.

ಅವರು ಮುಂದಿನ ಮೈಲಿಗಲ್ಲಿನವರೆಗೆ ನಡೆದು ನಿಂತರು. ಮೇಸ್ತ್ರಿಕೆಯ ಮನುಷ್ಯ, ಸುಮ್ಮನೆ ಹೂಂ ಅನ್ನುವವರಲ್ಲ. "ಆಗ್ಲಿ. ಹೇಳಿ ಹೋಗ್ತೀನಿ" ಅಂದರು. ಕೊಡೆಯನ್ನು ವಾಪಸು ಕೊಟ್ಟೆ. ತೆಗೆದುಕೊಂಡರು. ಅವತ್ತೇ ಶಾಂತಮ್ಮನನ್ನು ಗೇಟಿನಲ್ಲಿ ನಿಲ್ಲಿಸಿ, ತಂದೆ ಒಬ್ಬರೇ ಹೊಳೆಯ ಕಡೆ ಹೋಗದಂತೆ ಕಣ್ಣಿಡಲು ಹೇಳಿದೆ.

ಆಗಸ್ಟಿನಲ್ಲಿ ಡಾಕ್ಟರಿಗೆ ವರ್ಗವಾಯಿತು. ಬೇರೆ ಡಾಕ್ಟರು ಇನ್ನೂ ಬಂದಿರಲಿಲ್ಲ. ಹೊರಡುವ ದಿನ ಅವರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ನಾಲ್ಕು ಗಂಟೆ ತಪ್ಪಿಸಬೇಡಿ" ಅಂದರು. ಬಸ್ಸು ಹೋಯಿತು. ದವಾಖಾನೆಯ ಕೀಲಿಕೈ ಗೊಂಚಲು ಹಿಡಿದು ನಿಂತವನಿಗೆ, ಒಬ್ಬ ಮನುಷ್ಯನ ಜೀವ ನನ್ನೊಬ್ಬನ ಮೇಲೆ ಬಿತ್ತಲ್ಲ ಅನ್ನಿಸಿತು. ತಪ್ಪು ಮಾತು ಆಡಿದರೆ? ಸರಿಯಾದ ಮಾತು ಹೊಳೆಯದಿದ್ದರೆ? ಕೇಳಲು ಯಾರೂ ಇರಲಿಲ್ಲ.

ಹತ್ತು ದಿನಕ್ಕೆ ಔಷಧಿಗಳು ಮುಗಿಯುತ್ತ ಬಂದವು. ಶಿವಮೊಗ್ಗಕ್ಕೆ ಹೋಗಿ ತರಬೇಕು. ರುದ್ರಪ್ಪನವರಿಗೆ ಹೇಳಿದೆ: "ನಾಳೆ ಹೋಗಿ ನಾಡಿದ್ದು ನಾಲ್ಕಕ್ಕೆ ಇಲ್ಲೇ ಇರ್ತೀನಿ." "ಹೋಗಿ ಬರ್ರಿ" ಅಂದರು.

ಶಿವಮೊಗ್ಗದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ದಿನ ಔಷಧಿ ಕೈಗೆ ಬರಲು ತಡವಾಯಿತು. ಮಾರನೆಯ ದಿನ ಹಳ್ಳ ತುಂಬಿ ರಸ್ತೆ ಕಟ್ಟಾಗಿ, ಶಿಕಾರಿಪುರದಿಂದ ಮುಂದೆ ಬಸ್ಸು ಬಿಡಲಿಲ್ಲ. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಔಷಧಿ ಪೆಟ್ಟಿಗೆಯ ಮೇಲೆ ಕೂತಿದ್ದೆ. ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ಪಕ್ಕದಲ್ಲಿದ್ದವರು ಈಸೂರಿನಲ್ಲಿ ಮನೆ ಬಿದ್ದ ಸುದ್ದಿ ಹೇಳುತ್ತಿದ್ದರು. ನನ್ನ ಕಿವಿಗೆ ಅದು ಬೀಳಲಿಲ್ಲ. ಅಲ್ಲಿಂದ ನಾಲ್ಕು ಬೀದಿ ಆಚೆ ಆ ಜವಾನರ ಮನೆ ಇತ್ತು. 'ಆಮೇಲೆ ಬರ್ರಿ' ಅಂದ ನನ್ನ ಧ್ವನಿ ನನಗೇ ಕೇಳುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಬಸ್ಸು ಬಿಟ್ಟಿತು. ಸೊರಬದಲ್ಲಿ ಇಳಿದಾಗ ನಾಲ್ಕೂವರೆ. ಎರಡು ದಿನ ತಪ್ಪಿತ್ತು. ಪೆಟ್ಟಿಗೆಯನ್ನು ಖಾನಾವಳಿಯಲ್ಲಿ ಹಾಕಿ ಓಡಿದೆ. ದವಾಖಾನೆಯ ಜಗಲಿಯ ಬೆಂಚು ಖಾಲಿ. ಅವರ ಮನೆಗೆ ಹೋದರೆ ಶಾಂತಮ್ಮ ಒದ್ದೆ ತಲೆಯಲ್ಲೇ ಬೀದಿಗೆ ಬಂದರು.

"ಅಪ್ಪ ಬೆಳಿಗ್ಗೆಯಿಂದ ಕಾಣ್ತಿಲ್ಲ ಕಂಪೌಂಡ್ರೇ! ಇವ್ರು ಗಿರಣಿ ಜನ ಕರ್ಕೊಂಡು ಹೊಳೆ ಕಡೀಗೆ ಹೋಗ್ಯಾರೆ. ಇವತ್ತು ಅವ್ವ ಹೋದ ದಿನ. ನನಗೆ ಗೊತ್ತಾಗ್ಬೇಕಿತ್ತು, ಗೊತ್ತಾಗ್ಬೇಕಿತ್ತು" ಎಂದು ಹಣೆ ಚಚ್ಚಿಕೊಂಡರು.

ನಾನೂ ಹೊಳೆಯ ದಾರಿ ಹಿಡಿದೆ. ಮಳೆಗಾಲದಲ್ಲಿ ಕೆಸರೆಂದು ಯಾರೂ ಹಿಡಿಯದ, ಗಿರಣಿಯ ಹಿಂದಿನ ಓಣಿಯಿಂದ ಹೋದರೆ ಹತ್ತಿರ. ಆ ಓಣಿಯಲ್ಲೇ ನನ್ನ ಕೋಣೆ. ತಿರುಗಿದವನು ನಿಂತುಬಿಟ್ಟೆ. ಬೀಗ ಹಾಕಿದ ನನ್ನ ಬಾಗಿಲಿಗೆ ಬೆನ್ನು ಕೊಟ್ಟು, ಮಡಚಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ರುದ್ರಪ್ಪನವರು ಕೂತಿದ್ದರು. ಮಳೆಯ ಇರಿಚಲಿಗೆ ಮೈಯೆಲ್ಲ ತೊಯ್ದಿತ್ತು.

ಹೋಗಿ ಅವರ ಪಕ್ಕದಲ್ಲೇ ಕೂತೆ.

"ನೀವು ಇರ್ಲಿಲ್ಲ" ಅಂದರು. ಆಕ್ಷೇಪಣೆಯ ಧ್ವನಿಯಲ್ಲ, ಇದ್ದದ್ದನ್ನು ಹೇಳಿದಂತೆ. "ಮೊನ್ನೆ, ನಿನ್ನೆ ನಾಲ್ಕಕ್ಕೆ ದವಾಖಾನೆ ನೋಡ್ದೆ. ಇವತ್ತು ಬೆಳಿಗ್ಗೆ ಇಲ್ಲಿಗೆ ಬಂದೆ. ಹೇಳಿ ಹೋಗ್ಬೇಕು ಅಂತ ಮಾತಾಗಿತ್ತಲ್ಲ. ಅದಕ್ಕೇ ಕುಂತೆ."

"ಬೆಳಿಗ್ಗೆಯಿಂದಾನಾ?"

"ಏನ್ ಮಾಡ್ಲಿ ಮತ್ತೆ? ಕೊಟ್ಟ ಮಾತು."

ಬೀಗ ತೆಗೆದು ಒಳಗೆ ಕರೆದೆ. ಒಣ ಪಂಚೆ ಕೊಟ್ಟೆ. ಸ್ಟೌ ಹಚ್ಚಿ ಕಾಫಿ ಇಟ್ಟೆ. ಗಿರಣಿಯ ಆಳಿನ ಕೈಯಲ್ಲಿ ಹೊಳೆಯ ಕಡೆಗೂ ಶಾಂತಮ್ಮನಿಗೂ ಹೇಳಿಕಳಿಸಿದೆ. ಆಮೇಲೆ ಅವರೆದುರು ನೆಲದ ಮೇಲೆ ಕೂತೆ. "ಹೇಳ್ರಿ" ಅಂದೆ.

ಅವರು ಹೇಳಿದರು. ಎರಡು ವರ್ಷದ ಹಿಂದೆ ಇಂಥದೇ ಮಳೆಯಲ್ಲಿ ಆನವಟ್ಟಿಯ ಕಡೆ ರಸ್ತೆ ಕೊಚ್ಚಿಹೋಗಿತ್ತು. ಕೆಲಸದಿಂದ ಬಿಡುಗಡೆಯಾಗಲು ಅವರಿಗೆ ಒಂದೇ ತಿಂಗಳು ಉಳಿದಿತ್ತು. ನೀಲಮ್ಮನಿಗೆ ಜ್ವರ ಏರಿದೆ, ಬೇಗ ಬರಬೇಕು ಎಂದು ಊರಿನಿಂದ ಆಳು ಬಂದ. ಕಿತ್ತುಹೋದ ಜಾಗದ ಆಚೆ ಎರಡು ಬಸ್ಸು ಜನ ಸಿಕ್ಕಿಕೊಂಡಿದ್ದರು, ಮಕ್ಕಳು ಮರಿಗಳು. "ನಾಳೆ ಬರ್ತೀನಿ ಅಂತ ಹೇಳು" ಎಂದು ಆಳನ್ನು ವಾಪಸು ಕಳಿಸಿದರು. ಮಾರನೆಯ ದಿನ ರಸ್ತೆ ತೆರೆಯಿತು, ಮೇಲಿನ ಸಾಹೇಬರು ಬಂದು ಬೆನ್ನು ತಟ್ಟಿದರು. ಊರು ಮುಟ್ಟುವಾಗ ಮನೆಯ ಮುಂದೆ ಜನ ನೆರೆದಿದ್ದರು.

"ಅವ್ವ ಕಡೀ ತನಕ 'ಅಪ್ಪ ಬಂದ್ರಾ' ಅಂತ ಕೇಳ್ತಿದ್ಲು ಅಂತ ಮಗಳು ಹೇಳಿದ್ಲು. ಒಂದೇ ಸಲ ಹೇಳಿದ್ದು. ಆಮೇಲೆ ನನ್ನ ಜೋಡಿ ಮಾತೇ ಇಲ್ಲ. ತಾಟು ಇಡ್ತಾಳೆ, ನೀರು ಇಡ್ತಾಳೆ. ನಲವತ್ತೈದು ವರ್ಷ ಊರೋರ್ಗೆಲ್ಲ ದಾರಿ ಮಾಡಿಕೊಟ್ಟೆ ಕಂಪೌಂಡ್ರೇ. ನನ್ನ ಮನೀಗೆ ನಾನೇ ಹೋಗ್ಲಿಲ್ಲ."

ಹೇಳಿ ಮುಗಿಸಿ ಅವರು ಅತ್ತರು. ಅಷ್ಟು ಎತ್ತರದ ಮನುಷ್ಯ ಮೊಣಕಾಲ ಮಧ್ಯೆ ತಲೆಯಿಟ್ಟು ಸದ್ದು ಮಾಡಿ ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಅವರ ಬೆನ್ನ ಮೇಲೆ ಕೈಯಿಟ್ಟು ಕೂತೆ.

ತಲೆಯೆತ್ತಿದಾಗ ಶಾಂತಮ್ಮ ಬಾಗಿಲಲ್ಲಿದ್ದರು. ಯಾವಾಗ ಬಂದಿದ್ದರೋ, ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಅಪ್ಪನ ಕಾಲ ಬಳಿ ಬೀಳುತ್ತಾರೆ, ತಪ್ಪಾಯ್ತು ಅನ್ನುತ್ತಾರೆ ಎಂದು ನಾನು ಎಣಿಸಿದೆ. ಹಾಗಾಗಲಿಲ್ಲ. ಹೊಸಿಲ ಆಚೆಯೇ ನಿಂತು ಅವರು ಹೇಳಿದರು:

"ನನಗೆ ಸಿಟ್ಟಿತ್ತು ಅಪ್ಪ. ಈಗ್ಲೂ ಐತಿ. ಅವ್ವನ ಕೈ ಹಿಡ್ಕೊಂಡು ನಾನೊಬ್ಳೇ ಕುಂತಿದ್ದೆ. ಬಾಯಿ ತೆಗೆದ್ರೆ ಏನೇನು ಅಂದುಬಿಡ್ತೀನೋ ಅಂತ ಹೆದ್ರಿ ಸುಮ್ನಿದ್ದೆ."

ರುದ್ರಪ್ಪನವರು ಕಣ್ಣೊರೆಸಿಕೊಂಡರು. "ಅಂದುಬಿಡ್ಬೇಕಿತ್ತು ತಾಯಿ" ಅಂದರು. "ನೀನು ಬೈದಿದ್ರೆ ನನಗೆ ಉಣ್ಣಾಕೆ ಬರ್ತಿತ್ತು."

ಶಾಂತಮ್ಮ ಆಗ ಒಳಗೆ ಬಂದು ಕೂತರು. ಬೈದರು. ಕಣ್ಣೀರು ಸುರಿಸುತ್ತ, ಎರಡು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಬೈದರು. ಕೊನೆಗೆ, "ನೀನೂ ಹೊಳೆ ಪಾಲಾಗಿ ಹೋದ್ರೆ ನಾನು ಯಾರನ್ನ ಬೈಲಿ?" ಅಂದರು. ನಾನು ಎದ್ದು ಹೊರಗೆ ಹೋಗಿ ಗಿರಣಿಯ ಗೋಡೆಗೆ ಒರಗಿ ನಿಂತೆ. ಒಳಗಿನಿಂದ ಮಾತು ಕೇಳುತ್ತಲೇ ಇತ್ತು. ಬಸವಣ್ಯಪ್ಪ ಹೊಳೆಯಿಂದ ಓಡಿಬಂದವರು ನನ್ನ ಪಕ್ಕ ನಿಂತು, ಮಾತು ನಿಲ್ಲುವವರೆಗೂ ಒಳಗೆ ಹೋಗಲಿಲ್ಲ.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದು ಹೇಳಲಾರೆ. ದಸರೆಯ ಹೊತ್ತಿಗೆ ಮತ್ತೊಮ್ಮೆ ಅವರು ವಾರಗಟ್ಟಲೆ ಮಂಕಾದರು. ಒಂದು ದಿನ ದವಾಖಾನೆಯ ಬಾಗಿಲು ತೆರೆಯುವ ಮುಂಚೆಯೇ ಬಂದು, "ಇವತ್ತು ಹೊಳೆ ನೆನಪಾಗ್ತೈತಿ. ಹೇಳಾಕೆ ಬಂದೆ" ಅಂದರು. ಅವತ್ತು ಸಂಜೆಯವರೆಗೆ ಔಷಧಿ ಕೋಣೆಯಲ್ಲೇ ಕೂರಿಸಿಕೊಂಡೆ. ಸೀಸೆಗಳಿಗೆ ಕಾಗದ ಅಂಟಿಸುತ್ತ ಕೂತರು. ಆದರೆ ಹೇಳಲು ಬರುವುದನ್ನು ಅವರು ಬಿಡಲಿಲ್ಲ. ಚಳಿಗಾಲದಲ್ಲಿ ಶಾಂತಮ್ಮ ಕೆಲವು ಸಂಜೆ ನಮ್ಮ ಜೊತೆ ನಡೆಯಲು ಬಂದರು. ಮನೆಯಲ್ಲಿ ಜಗಳವೂ ಆಗುತ್ತಿತ್ತಂತೆ, ಉಪ್ಪು ಕಮ್ಮಿ ಎಂದು ಅಪ್ಪ ತಾಟು ಸರಿಸಿದರಂತೆ. ಬಸವಣ್ಯಪ್ಪ ಅದನ್ನು ಹಬ್ಬದ ಸುದ್ದಿಯಂತೆ ಬಂದು ಹೇಳಿದರು.

ಈ ಸಲ ಪೆನ್ಷನ್ ಕಾಗದಕ್ಕೆ ಹೋದಾಗ ಶಾಂತಮ್ಮ ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿದೆ. ಬಸವಣ್ಯಪ್ಪ ಈಗಿಲ್ಲ. ಅಪ್ಪ ಆಮೇಲೆ ಒಂಬತ್ತು ವರ್ಷ ಬದುಕಿದ್ದರು, ನಾಲ್ಕು ದಿನದ ಜ್ವರದಲ್ಲಿ ಹೋದರು ಅಂದರು. "ಕೈ ಹಿಡ್ಕೊಂಡಿದ್ದೆ. ಇನ್ನು ಮಲಗ್ತೀನಿ ಅಂದ್ರು, ಮಲಗಿದ್ರು" ಅಂದರು. ದವಾಖಾನೆಯ ಹಳೇ ಕಟ್ಟಡ ಕೆಡವಿ ದೊಡ್ಡದು ಕಟ್ಟಿದ್ದಾರೆ. ನನ್ನ ದಾಖಲೆ ಸಿಗಲಿಲ್ಲ.

ಆದರೆ ನನಗೆ ಬರೆಯಬೇಕು ಅನ್ನಿಸಿದ್ದು ಇನ್ನೊಂದು ದಿನದ ವಿಷಯ. ಐವತ್ತೆಂಟರ ಏಪ್ರಿಲ್‌ನಲ್ಲಿ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು. ಬೆಳಿಗ್ಗೆ ಹತ್ತರ ಬಸ್ಸು. ಟ್ರಂಕು, ಹಾಸಿಗೆ ಸುರುಳಿ ಇಟ್ಟುಕೊಂಡು ಮರದ ನೆರಳಿನಲ್ಲಿ ನಿಂತಿದ್ದೆ. ರುದ್ರಪ್ಪನವರು ಶಾಂತಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಬಂದರು. ಬಸ್ಸು ಬಂತು, ಟ್ರಂಕನ್ನು ಮೇಲೆ ಏರಿಸಲು ಕ್ಲೀನರ್ ಕೈ ಚಾಚಿದ. ರುದ್ರಪ್ಪನವರು ಟ್ರಂಕಿನ ಹಿಡಿ ಬಿಡಲಿಲ್ಲ.

"ಕಂಪೌಂಡ್ರೇ, ಅಲ್ಲಿ ನಿಮ್ಮ ಜೋಡಿ ಮಾತಾಡೋರು ಯಾರದಾರ?"

"ದವಾಖಾನೆ ಜನ ಇರ್ತಾರೆ" ಅಂದೆ.

"ಅದನ್ನ ಕೇಳ್ಲಿಲ್ಲ ನಾನು. ಇಲ್ಲಿ ಯಾರಿದ್ರು? ಹತ್ತು ತಿಂಗಳು ನಾನು ಹೇಳ್ದೆ, ನೀವು ಕೇಳಿದ್ರಿ. ನಿಮಗೆ ತಾಯಿ ಇದಾರಾ, ತಂದೆ ಇದಾರಾ, ನಿಮ್ಮ ಹೆಸರು ಏನು, ನಂಗೆ ಗೊತ್ತೇ ಇಲ್ಲ. ಹಬ್ಬದ ದಿನಾನೂ ಆ ಖಾನಾವಳಿಯಾಗೆ ಕುಂತು ಉಣ್ತಿದ್ರಿ. ನೋಡೀನಿ."

ಉತ್ತರ ಕೊಡಲು ಹೋದೆ. ಬಾಯಿ ತೆರೆದರೆ ಧ್ವನಿ ಬರಲಿಲ್ಲ. ಡ್ರೈವರ್ ಹಾರ್ನ್ ಒತ್ತಿದ. ರುದ್ರಪ್ಪನವರು ಅವನತ್ತ ಕೈ ಬೀಸಿ, "ಹೋಗಪ್ಪ, ಇವ್ರು ಮೂರರ ಬಸ್ಸಿಗೆ ಬರ್ತಾರೆ" ಅಂದರು. ಬಸ್ಸು ಧೂಳೆಬ್ಬಿಸಿ ಹೋಯಿತು. ಅವರು ಟ್ರಂಕನ್ನು ನೆರಳಿಗೆ ಎಳೆದು, ಅದರ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯನ್ನು ಅಂಗೈಯಿಂದ ಒರೆಸಿದರು.

"ಕುಂದ್ರಿ" ಅಂದರು. "ಏನ್ ಹೆಸರು ನಿಮ್ದು?"

ನನ್ನ ಹೆಸರು ಹೇಳಿದೆ. ಆಮೇಲೆ ನನ್ನ ತಾಯಿಯ ಹೆಸರು ಹೇಳಿದೆ.